ಫೋರ್ಡ್ ಕಾರಿನ ಹೊಸ ರೇಡಿಯೋ

1966ನೇ ಇಸವಿ ಜನವರಿ 10, ಸೋಮವಾರ. ಬೆಳಿಗ್ಗೆ 8-40ಕ್ಕೆ ಅಕ್ಕಿ ಗಿರಣಿಯ ಮಾಲೀಕ ಓಂಕಾರಪ್ಪನವರು ಶಿವಮೊಗ್ಗದ ಪೇಟೆ ಠಾಣೆಯ ಮೆಟ್ಟಿಲು ಹತ್ತಿದಾಗ ಸಬ್ ಇನ್ಸ್‌ಪೆಕ್ಟರ್ ಹಿರಿಯಣ್ಣ ಆಗತಾನೇ ಕಾಫಿ ಲೋಟಕ್ಕೆ ಕೈ ಹಾಕಿದ್ದ. ಕಾಫಿ ಆರಿಹೋಯಿತು. ಓಂಕಾರಪ್ಪನವರ ದೂರು ಅರ್ಧ ಗಂಟೆ ನಡೆಯಿತು, ಅದರಲ್ಲಿ ಇಪ್ಪತ್ತೈದು ನಿಮಿಷ ಬರೀ ಕಾರಿನ ವರ್ಣನೆಯಾಗಿತ್ತು.

ಕಾರು 1937ರ ಫೋರ್ಡ್. ಯಾವುದೋ ಕಾಫಿ ಎಸ್ಟೇಟಿನ ಶೆಡ್ಡಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಆ ಗಾಡಿಯನ್ನು ಎಳೆಸಿಕೊಂಡು ಬಂದು, ಎರಡು ವರ್ಷ ತಗಡು ಬಡಿಸಿ, ಎಂಜಿನ್ ಬಿಚ್ಚಿಸಿ, ಬಣ್ಣ ಹೊಡೆಸಿ ಮದುಮಗನಂತೆ ಮಾಡಿ ನಿಲ್ಲಿಸಿದ್ದರು. ಅದರ ಹಳೆಯ ರೇಡಿಯೋ ಗೊರಗೊರ ಎನ್ನುವುದು ಬಿಟ್ಟರೆ ಬೇರೇನೂ ಮಾಡುತ್ತಿರಲಿಲ್ಲ. ಹಿಂದಿನ ವರ್ಷ ಭದ್ರಾವತಿಯಲ್ಲಿ ಆಕಾಶವಾಣಿ ಶುರುವಾದ ಮೇಲೆ ಓಂಕಾರಪ್ಪನವರಿಗೆ ತಡೆಯಲಾಗಲಿಲ್ಲ. ಬೆಂಗಳೂರಿನಿಂದ ಹೊಸ ಕಾರ್ ರೇಡಿಯೋ ಮತ್ತು ಎರಡು ಸ್ಪೀಕರು ತರಿಸಿದರು. ಹೊಸದಕ್ಕೆ ಹನ್ನೆರಡು ವೋಲ್ಟ್ ಬೇಕು, ಹಳೇ ಕಾರಿನದು ಆರೇ ವೋಲ್ಟ್. ಹಾಗಾಗಿ ಬ್ಯಾಟರಿ, ಡೈನಮೋ, ದೀಪದ ಬಲ್ಬು ಎಲ್ಲವೂ ಬದಲಾದವು. ಕೆಲಸ ಮುಗಿದು ಹತ್ತು ದಿನವೂ ಆಗಿರಲಿಲ್ಲ.

ಶನಿವಾರ ಅವರು ಕುಂಸಿಗೆ, ಬೀಗರ ಮನೆಯ ಮದುವೆಗೆ ಹೋಗಿದ್ದರು. ಅಲ್ಲಿಯ ರಸ್ತೆಯ ಕಲ್ಲು ಸಿಡಿದು ಬಣ್ಣ ಹಾಳಾದೀತೆಂದು ಕಾರು ಬಿಟ್ಟು ಬಸ್ಸಿನಲ್ಲಿ ಹೋಗಿದ್ದರು. ಬುಧವಾರ ಬರಬೇಕಾದವರು ಊಟದ ಪಂಕ್ತಿಯಲ್ಲಿ ಯಾರೋ ಮರ್ಯಾದೆ ಮಾಡಲಿಲ್ಲವೆಂದು ಮುನಿಸಿಕೊಂಡು ಸೋಮವಾರವೇ ಬಂದುಬಿಟ್ಟರು. ಶೆಡ್ಡಿನ ಬೀಗ ಹಾಕಿದಂತೆಯೇ ಇತ್ತು. ಒಳಗೆ ರೇಡಿಯೋ ಇರಲಿಲ್ಲ, ಎರಡು ಸ್ಪೀಕರುಗಳಲ್ಲಿ ಒಂದು ಕಾಣೆಯಾಗಿತ್ತು.

"ಡ್ರೈವರ್ ಸಿದ್ದಯ್ಯಂದೇ ಕೆಲಸ. ಅರೆಸ್ಟ್ ಮಾಡಿ" ಎಂದರು.

ಅಂಚೆ ಕಚೇರಿಯ ರೇಡಿಯೋ ಲೈಸೆನ್ಸ್ ಪುಸ್ತಕದಿಂದ ಸೆಟ್ಟಿನ ನಂಬರು ಬರೆದುಕೊಂಡು ಹಿರಿಯಣ್ಣ ಎಫ್‌ಐಆರ್ ದಾಖಲಿಸಿದ. ಹತ್ತು ಗಂಟೆಗೆ ಹೆಡ್ ಕಾನ್‌ಸ್ಟೇಬಲ್ ಚೌಡಯ್ಯನನ್ನು ಕರೆದುಕೊಂಡು ಗಿರಣಿಗೆ ಹೋದ. ಪಕ್ಕದ ಅಂಗಡಿಯ ಇಬ್ಬರನ್ನು ಪಂಚರನ್ನಾಗಿ ನಿಲ್ಲಿಸಿಕೊಂಡು ಸ್ಥಳ ಪಂಚನಾಮೆ ಮಾಡಿದ.

ಇಪ್ಪತ್ತು ವರ್ಷದ ನೌಕರಿಯಲ್ಲಿ ಚೌಡಯ್ಯ ಕಿತ್ತ ಬಾಗಿಲು, ಕೊರೆದ ಗೋಡೆಗಳನ್ನು ಬೇಕಾದಷ್ಟು ನೋಡಿದ್ದ. ಇಂಥ ಕಳವನ್ನು ನೋಡಿರಲಿಲ್ಲ. ರೇಡಿಯೋ ಕೂತಿದ್ದ ಜಾಗದ ಸುತ್ತ ಒಂದು ಗೀರೂ ಇರಲಿಲ್ಲ. ಬಿಚ್ಚಿದ ಸ್ಕ್ರೂಗಳೆಲ್ಲ ಅವವೇ ತೂತುಗಳಲ್ಲಿ ಮತ್ತೆ ಕೂತಿದ್ದವು. ಬ್ಯಾಟರಿಯ ತಂತಿ ಕಳಚಿಟ್ಟಿತ್ತು. ಬಿಚ್ಚಿದ ತಂತಿಗಳ ತುದಿಗೆಲ್ಲ ಕಪ್ಪು ಬಟ್ಟೆಯ ಟೇಪು ಬಿಗಿಯಾಗಿ ಸುತ್ತಿತ್ತು, ಪ್ರತಿ ಸುತ್ತಿನ ಕೊನೆಯಲ್ಲೂ ಟೇಪನ್ನು ಒಂದು ಉಗುರಿನಷ್ಟು ಒಳಕ್ಕೆ ಮಡಚಿ ಬಿಟ್ಟಿತ್ತು.

"ಇವನು ಕದ್ದಿದ್ದೋ, ರಿಪೇರಿಗೆ ಬಿಚ್ಚಿಟ್ಟಿದ್ದೋ, ಸಾರ್?" ಎಂದು ಚೌಡಯ್ಯ ಕೇಳಿದ.

ಹಿರಿಯಣ್ಣನಿಗೂ ಅದೇ ಅನ್ನಿಸಿತ್ತು. ಬಿಚ್ಚಿದವನಿಗೆ ಮತ್ತೆ ಜೋಡಿಸುವ ಯೋಚನೆ ಇತ್ತು. ಆದರೆ ವಾಪಸು ಇಡುತ್ತೇನೆಂದುಕೊಂಡು ಒಯ್ದರೂ ಕಾನೂನಿನಲ್ಲಿ ಅದು ಕಳವೇ. ಒಂದು ತಂತಿಯ ತುದಿಯನ್ನು ಟೇಪಿನ ಸಮೇತ ಕತ್ತರಿಸಿ ಲಕೋಟೆಗೆ ಹಾಕಿ, ಮೇಲೆ ಪಂಚರ ಸಹಿ ಮಾಡಿಸಿದ.

ಅವರು ಮರಳುವಷ್ಟರಲ್ಲಿ ಸಿದ್ದಯ್ಯ ತಾನಾಗಿಯೇ ಠಾಣೆಗೆ ಬಂದು ಬೆಂಚಿನ ಮೇಲೆ ಕೂತಿದ್ದ. ಕಾಲ ಬಳಿ ಹಾಸಿಗೆಯ ಸುರುಳಿ ಇತ್ತು. ಗಿರಣಿಯ ಹಿಂದಿನ ಕೋಣೆಯಿಂದ ಓಂಕಾರಪ್ಪನವರು ಬೆಳಿಗ್ಗೆಯೇ ಅದನ್ನು ಹೊರಗೆ ಹಾಕಿಸಿದ್ದರು. ಹೇಳಿಕೆಯ ಮೊದಲ ಸಾಲು ಹೀಗಿತ್ತು: ಸಿದ್ದಯ್ಯ ಬಿನ್ ಕೆಂಚಯ್ಯ, 38 ವರ್ಷ, ಸ್ವಂತ ಊರು ಹೊಳಲೂರು.

"ಶೆಡ್ಡಿನ ಬೀಗದ ಕೈ ಎಲ್ಲಿರುತ್ತೆ?"

"ಗಿರಣಿ ಹಿಂದ್ಗಡೆ ಪಡಸಾಲೇಲಿ, ಮೊಳೆಗೆ ನೇತು ಹಾಕಿರ್ತೀನಿ."

"ಯಾರಿಗೆ ಗೊತ್ತು?"

"ಅಲ್ಲಿಗೆ ಬಂದು ಹೋಗೋರಿಗೆಲ್ಲ ಗೊತ್ತು, ಸ್ವಾಮಿ."

"ಶನಿವಾರ ರಾತ್ರಿ ಕಾರು ಒರೆಸುವಾಗ ರೇಡಿಯೋ ಇತ್ತು ಅಂದೆ. ಭಾನುವಾರ ಎಲ್ಲಿದ್ದೆ?"

"ಕೋಟೆ ಕಡೆ ಭಜನೆ ಮಂಡಳೀಲಿ. ಬೆಳಿಗ್ಗೆಯಿಂದ ಸಂಜೆ ತನಕ."

ಅದು ನಿಜವೆಂದು ಮಂಡಳಿಯ ನಾಲ್ವರು ಹೇಳಿದರು. ಹೇಳಿಕೆ ಬರೆಸಿದ ಮೇಲೆ ಸಿದ್ದಯ್ಯ ಒಂದೇ ಒಂದು ಮಾತು ಕೇಳಿಕೊಂಡ. ಮಂಗಳವಾರ ಸಂಜೆ 5-40ಕ್ಕೆ ಭದ್ರಾವತಿ ಆಕಾಶವಾಣಿಯಲ್ಲಿ ತಾನು ಮೊದಲೇ ಹಾಡಿ ಬಂದ ತತ್ತ್ವಪದ ಬರುತ್ತದೆ, ಹತ್ತು ನಿಮಿಷ. ಆ ಹೊತ್ತಿಗೆ ಎದುರಿನ ಹೋಟೆಲಿನ ರೇಡಿಯೋದ ಹತ್ತಿರ ನಿಂತಿರಲು ಬಿಡಬೇಕು. ಕೇಳಿ ವಾಪಸು ಬಂದು ಇದೇ ಬೆಂಚಿನ ಮೇಲೆ ಕೂರುತ್ತೇನೆ ಎಂದ.

"ಮನೇವರು ಯಾರಾದ್ರೂ ಕೇಳ್ತಾರಾ?" ಹಿರಿಯಣ್ಣ ಸುಮ್ಮನೆ ವಿಚಾರಿಸಿದ.

ಸಿದ್ದಯ್ಯ ನಿಧಾನವಾಗಿ ಎಲ್ಲ ಹೇಳಿದ. ಹನ್ನೊಂದು ವರ್ಷದ ಹಿಂದೆ ಅವನು ಇದೇ ಗಿರಣಿಯ ಲಾರಿ ಓಡಿಸುತ್ತಿದ್ದ. ಅಪ್ಪ ತೀರಿಕೊಂಡ ಸುದ್ದಿ ಬಂದಾಗ ಓಂಕಾರಪ್ಪನವರು ಲೋಡು ಮುಟ್ಟಿಸಿಯೇ ಹೋಗು ಎಂದಿದ್ದರು. ಮೂರನೇ ದಿನ ಊರು ಸೇರುವಷ್ಟರಲ್ಲಿ ಮಣ್ಣಾಗಿತ್ತು. ಹಿರಿಮಗ ಮಣ್ಣು ಹಾಕಲು ಬರಲಿಲ್ಲವೆಂದು ತಾಯಿ ಸಣ್ಣಮ್ಮ ಬಾಗಿಲಲ್ಲೇ ತಡೆದು, ಇನ್ನು ಈ ಮನೆಗೆ ಬರಬೇಡ ಎಂದಿದ್ದಳು. ಅಂದಿನಿಂದ ಅವನು ಹೋಗಿಲ್ಲ, ಅವಳು ಕರೆದಿಲ್ಲ. ರೇಡಿಯೋದಲ್ಲಿ ಬರುವುದು ಅಪ್ಪ ಕಲಿಸಿದ ಪದಗಳು. ಅವನ್ನು ತಾಯಿಗೆ ಕೇಳಿಸಬೇಕೆಂಬುದೊಂದೇ ಅವನ ಆಸೆ. ಆ ಕೇರಿಗೆ ಇನ್ನೂ ಕರೆಂಟು ಬಂದಿಲ್ಲ, ರೇಡಿಯೋ ಎಲ್ಲಿಯದು? ಮಂಗಳವಾರ ಅರ್ಧ ಗಂಟೆ ಕಾರನ್ನು ಹೊಳಲೂರಿನಲ್ಲಿ ನಿಲ್ಲಿಸಲು ಅಪ್ಪಣೆ ಕೇಳಿದ್ದ. ಓಂಕಾರಪ್ಪನವರು ನಕ್ಕುಬಿಟ್ಟಿದ್ದರು.

ಹಿರಿಯಣ್ಣ ಪೆನ್ನು ಕೆಳಗಿಟ್ಟ. ಕಳವಿಗೆ ಇದಕ್ಕಿಂತ ಒಳ್ಳೆಯ ಕಾರಣ ಯಾವ ಆರೋಪಿಯೂ ತಾನಾಗಿ ಬರೆಸಿಕೊಟ್ಟಿರಲಿಲ್ಲ. ಒಂದು ತುಂಡು ತಂತಿ ಮತ್ತು ಟೇಪು ಕೊಟ್ಟು ಸುತ್ತು ಎಂದ. ಸಿದ್ದಯ್ಯ ಸುತ್ತಿದ ಟೇಪು ಆಸ್ಪತ್ರೆಯಲ್ಲಿ ಬೆರಳಿಗೆ ಕಟ್ಟಿದ ಪಟ್ಟಿಯ ಹಾಗೆ ದಪ್ಪಗಿತ್ತು, ತುದಿಯನ್ನು ಮಡಚಿರಲಿಲ್ಲ. ಶೆಡ್ಡಿನ ತಂತಿಯನ್ನು ತೋರಿಸಿದಾಗ ಮಾತ್ರ ಅವನು ಅದನ್ನು ತುಸು ಹೆಚ್ಚೇ ಹೊತ್ತು ನೋಡಿದ. ಗೊತ್ತಿಲ್ಲ ಸ್ವಾಮಿ ಎಂದ. ಹಿರಿಯಣ್ಣ ಅದನ್ನು ಗಮನಿಸಿದ, ಒತ್ತಾಯ ಮಾಡಲಿಲ್ಲ.

ಮಧ್ಯಾಹ್ನ ಗಾಂಧಿ ಬಜಾರಿನ ಎಲೆಕ್ಟ್ರಿಕ್ ಅಂಗಡಿಯವನು ತಂತಿಯನ್ನು ಕಂಡೊಡನೆ ಹೇಳಿದ:

"ಇದು ನಮ್ಮ ಪೇಟೆ ಕೈ ಅಲ್ಲ ಸಾರ್. ಭದ್ರಾವತಿ ಫ್ಯಾಕ್ಟರಿಯವರದ್ದು. ಮುಂದಿನ ಪಾಳಿಯವನಿಗೆ ಬಿಚ್ಚೋಕೆ ಸಲೀಸಾಗ್ಲಿ ಅಂತ ಹಿಂಗೆ ತುದಿ ಮಡಚ್ತಾರೆ. ನಮಗೆಲ್ಲಿ ಮಾರಾಯ್ರೆ ಅಷ್ಟು ಪುರುಸೊತ್ತು."

ರೇಡಿಯೋ ಕೂರಿಸಿದವರು ಯಾರೆಂದು ಓಂಕಾರಪ್ಪನವರನ್ನು ಕೇಳಿದರೆ, ಯಾರೋ ಫ್ಯಾಕ್ಟರಿ ಓಬಯ್ಯ ಅಂತ, ಸಿದ್ದಯ್ಯನೇ ಕರೆತಂದಿದ್ದ, ನಾಲ್ಕು ಭಾನುವಾರ ಬಂದು ಮಾಡಿದ ಎಂದರು. ಕಾರಿನ ಒಂದೊಂದು ಬೋಲ್ಟಿನ ಚರಿತ್ರೆ ಬಲ್ಲವರಿಗೆ ಅದನ್ನು ಬಿಗಿದವನ ಊರು ಕೇರಿ ಗೊತ್ತಿರಲಿಲ್ಲ.

ಸಂಜೆ 4-30ಕ್ಕೆ ಜೀಪು ಭದ್ರಾವತಿಯ ಕಾರ್ಖಾನೆಯ ಗೇಟಿನ ಮುಂದೆ ನಿಂತಿತು. ಪಾಳಿ ಮುಗಿಸಿ ಸೈಕಲ್ಲುಗಳು ಸಾಲುಗಟ್ಟಿ ಹೊರಬರುತ್ತಿದ್ದವು. ಎಲೆಕ್ಟ್ರಿಕಲ್ ವಿಭಾಗದ ಓಬಯ್ಯ ಸೋಮವಾರದಿಂದ ಮೂರು ದಿನ ರಜೆ ಹಾಕಿದ್ದಾನೆ ಎಂದು ಟೈಮ್ ಆಫೀಸಿನವನು ಹೇಳಿದ. ಕ್ವಾರ್ಟರ್ಸಿಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ತಮಿಳು ಹೆಂಗಸು, ನಿನ್ನೆ ಸಾಯಂಕಾಲ ಏನೋ ಗಂಟು ಹೊತ್ತು ಬಂದವನು ಬೆಳಗಿನ ಬಸ್ಸಿಗೇ ಹೋದ ಎಂದಳು. ಎಲ್ಲಿಗೆಂದು ಅವಳಿಗೆ ತಿಳಿಯದು.

ವಾಪಸು ಬರುವಾಗ ಹಿರಿಯಣ್ಣ ಲೆಕ್ಕ ಹಾಕುತ್ತಿದ್ದ. ಕಾರ್ ರೇಡಿಯೋ ಮನೆಯ ಕರೆಂಟಿಗೆ ನಡೆಯುವುದಿಲ್ಲ. ಕಾರಿನ ಬ್ಯಾಟರಿಯನ್ನು ಅವನು ಒಯ್ದಿಲ್ಲ. ಹಾಗಾದರೆ ಹನ್ನೆರಡು ವೋಲ್ಟನ್ನು ಬೇರೆ ಎಲ್ಲಿಂದಲೋ ತಂದಿರಬೇಕು. ಶಿವಮೊಗ್ಗದಲ್ಲಿ ಬ್ಯಾಟರಿ ಚಾರ್ಜ್ ಮಾಡಿ ಬಾಡಿಗೆಗೆ ಕೊಡುವ ಅಂಗಡಿಗಳು ಮೂರೇ ಇದ್ದವು. ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ ಎಂದು ಚೌಡಯ್ಯನಿಗೆ ಹೇಳಿದ.

ಆದರೆ ಬೆಳಗಾಗುವಷ್ಟರಲ್ಲಿ ದೇಶದ ಸುದ್ದಿಯೇ ಬೇರೆಯಾಗಿತ್ತು. ಪ್ರಧಾನಿಗಳು ತಾಷ್ಕೆಂಟಿನಲ್ಲಿ ತೀರಿಕೊಂಡಿದ್ದರು. ಅಂಗಡಿಗಳು ಒಂದೊಂದಾಗಿ ಬಾಗಿಲೆಳೆದವು, ಧ್ವಜ ಅರ್ಧಕ್ಕೆ ಇಳಿಯಿತು. ಎದುರಿನ ಹೋಟೆಲಿನ ರೇಡಿಯೋದಲ್ಲಿ ವಾರ್ತೆ ಬಿಟ್ಟರೆ ಬರೀ ಶೋಕದ ವಾದ್ಯ. ಮಧ್ಯಾಹ್ನ ಎರಡರವರೆಗೆ ಹಿರಿಯಣ್ಣನಿಗೆ ಬಂದೋಬಸ್ತಿನ ಕೆಲಸ. ಠಾಣೆಗೆ ಬಂದಾಗ ಸಿದ್ದಯ್ಯ ಬೆಂಚಿನ ಮೇಲೆ ಹಾಗೆಯೇ ಕೂತಿದ್ದ. ಇವತ್ತು ತನ್ನ ಹಾಡು ಬರುವುದಿಲ್ಲವೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇಂಥ ದೊಡ್ಡವರು ಹೋದ ದಿನ ತನ್ನದೊಂದು ಹಾಡಿಗೆ ದುಃಖಪಡುವುದಕ್ಕೂ ಅವನಿಗೆ ಸಂಕೋಚವಾಗುತ್ತಿತ್ತು.

ಮೂರನೇ ಬ್ಯಾಟರಿ ಅಂಗಡಿಯವನು ಅರ್ಧ ಎಳೆದ ಬಾಗಿಲ ಕೆಳಗಿಂದಲೇ ಪುಸ್ತಕ ಚಾಚಿದ. ಸೋಮವಾರ ಬೆಳಿಗ್ಗೆ, ಆರು ವೋಲ್ಟಿನ ಎರಡು ಬ್ಯಾಟರಿ, ಮೂರು ದಿನಕ್ಕೆ. ಒಯ್ದವನ ಹೆಸರು: ಓಬಯ್ಯ ಬಿನ್ ಕೆಂಚಯ್ಯ, ಹೊಳಲೂರು.

ಹಿರಿಯಣ್ಣ ಠಾಣೆಗೆ ಮರಳಿ ಸಿದ್ದಯ್ಯನ ಎದುರು ನಿಂತ.

"ಓಬಯ್ಯ ನಿನ್ನ ತಮ್ಮ."

"ಹೌದು, ಸ್ವಾಮಿ."

"ಟೇಪು ನೋಡಿದಾಗ್ಲೇ ನಿಂಗೆ ಗೊತ್ತಾಗಿತ್ತು."

"ಗೊತ್ತಾಗಿತ್ತು. ಯಜಮಾನ್ರು ಬರೋದು ಬುಧವಾರ, ಅಷ್ಟರೊಳಗೆ ತಂದು ಕೂರಿಸೋಣ ಅಂದ್ಕೊಂಡಿರ್ಬೇಕು ಅವನು. ನನ್ನ ಬಾಯಿಂದ ಅವನ ಹೆಸರು ಹೆಂಗೆ ಹೇಳ್ಲಿ?"

ಹೊಳಲೂರಿನಲ್ಲಿ ಮಾಲು ಸಿಕ್ಕರೆ ಅದನ್ನು ಗುರುತಿಸಲು ಯಾರಾದರೂ ಬೇಕಿತ್ತು. ಶೋಕಸಭೆಯಲ್ಲಿ ತಾನು ಮಾತಾಡುವುದಿದೆ, ಬರಲಾಗದು ಎಂದು ಓಂಕಾರಪ್ಪನವರು ಹೇಳಿ ಕಳಿಸಿದರು. ಇನ್ನು ಉಳಿದವನು ಆ ಕಾರಿನ ಡ್ರೈವರು. ಜೀಪು ಹತ್ತುವಾಗ ಸಿದ್ದಯ್ಯ, ತನ್ನನ್ನು ಊರ ಹೊರಗೇ ಇಳಿಸಿ ರೇಡಿಯೋವನ್ನು ಅಲ್ಲಿಗೆ ತಂದು ತೋರಿಸಿ ಎಂದು ಬೇಡಿಕೊಂಡ. ಜಪ್ತಿಯಾದ ಜಾಗದಲ್ಲೇ, ಪಂಚರ ಎದುರೇ ಗುರುತಿಸಿದರೆ ಕೋರ್ಟಿನಲ್ಲಿ ನಿಲ್ಲುತ್ತದೆ ಎಂದ ಹಿರಿಯಣ್ಣ.

ಸಂಜೆ 5-15ಕ್ಕೆ ಹೊಳಲೂರು. ಸಣ್ಣಮ್ಮನ ಮನೆಯ ಅಂಗಳದಲ್ಲಿ ಹಲಗೆಯ ಮೇಲೆ ರೇಡಿಯೋ, ಪಕ್ಕದಲ್ಲಿ ಸ್ಪೀಕರು, ಕೆಳಗೆ ಎರಡು ಬ್ಯಾಟರಿ. ಏರಿಯಲ್ ತಂತಿ ನುಗ್ಗೆ ಮರಕ್ಕೆ ಹೋಗಿತ್ತು. ಹತ್ತು ಹದಿನೈದು ಜನ ತಲೆಬಗ್ಗಿಸಿ ಕೂತು ಶೋಕವಾದ್ಯ ಕೇಳುತ್ತಿದ್ದರು. ಸಣ್ಣಮ್ಮ ಒಳಗಿದ್ದಳು. ಒಳ್ಳೆಯ ತತ್ತ್ವಪದ ಬರುತ್ತದೆ ಎಂದಷ್ಟೇ ಓಬಯ್ಯ ಅವಳಿಗೆ ಹೇಳಿದ್ದ, ಹಾಡುವವನು ಯಾರೆಂದು ಹೇಳಿರಲಿಲ್ಲ.

ಪೊಲೀಸರನ್ನು ಕಂಡು ಓಬಯ್ಯ ಎದ್ದು ನಿಂತ. ಓಡಲಿಲ್ಲ.

"ಈ ರೇಡಿಯೋ ಎಲ್ಲೀದು?"

"ಓಂಕಾರಪ್ಪನೋರ ಕಾರಿಂದು. ನಾನೇ ಬಿಚ್ಚಿದ್ದು." ಆಮೇಲೆ ದನಿ ತಗ್ಗಿಸಿ ಕೇಳಿದ. "ಐದು ನಲವತ್ತು ಆಗ್ಲಿ ಸ್ವಾಮಿ. ಒಂದು ವೇಳೆ ಹಾಕಿದ್ರೆ?"

ಹಾಕುವುದಿಲ್ಲವೆಂದು ಹಿರಿಯಣ್ಣನಿಗೂ ಗೊತ್ತು, ಓಬಯ್ಯನಿಗೂ ಗೊತ್ತು. ಆದರೂ ಹಿರಿಯಣ್ಣ ಪಂಚನಾಮೆಯನ್ನು ಬಹಳ ನಿಧಾನವಾಗಿ ಬರೆದ. ಸೆಟ್ಟಿನ ನಂಬರನ್ನು ಎರಡು ಸಲ ತಾಳೆ ನೋಡಿದ. 5-40 ಆಯಿತು. ವಾದ್ಯ ನಡೆದೇ ಇತ್ತು. 5-50ಕ್ಕೆ ಓಬಯ್ಯ ತಾನೇ ಬಗ್ಗಿ ರೇಡಿಯೋ ಆರಿಸಿದ. ತಂತಿ ಬಿಚ್ಚಿ, ಅಭ್ಯಾಸಬಲದಿಂದ ತುದಿಗಳಿಗೆ ಟೇಪು ಸುತ್ತಿಕೊಟ್ಟ. ಚೌಡಯ್ಯ ಅವನನ್ನು ಕರೆದೊಯ್ದು ಬೀದಿಯ ತುದಿಯಲ್ಲಿ ನಿಂತಿದ್ದ ಜೀಪಿನಲ್ಲಿ ಕೂರಿಸಿದ.

ಸಿದ್ದಯ್ಯ ಬೇಲಿಯ ಆಚೆ ನಿಂತಿದ್ದ. ಹಿರಿಯಣ್ಣ ರೇಡಿಯೋವನ್ನು ತೋರಿಸಿ, ಇದು ನಿಮ್ಮ ಯಜಮಾನರ ಕಾರಿನದೇ ಎಂದು ಕೇಳಿದ. ಅವನು ತಲೆಯಾಡಿಸಿದ.

"ತಲೆ ಆಡ್ಸಿದ್ರೆ ಬರ್ಕೊಳೋಕೆ ಆಗಲ್ಲ. ಬಾಯಿಬಿಟ್ಟು ಹೇಳು."

ಸಿದ್ದಯ್ಯ ಬಾಗಿಲ ಕಡೆ ಒಮ್ಮೆ ನೋಡಿದ. ಎರಡು ದಿನ ಠಾಣೆಯ ಬೆಂಚಿನ ಮೇಲೆ ಸರಿಯಾಗಿ ಊಟವಿಲ್ಲದೆ ಅವನ ಗಂಟಲು ಒಣಗಿತ್ತು.

"ಇದೇ ರೇಡಿಯೋ, ಸ್ವಾಮಿ. ನಮ್ಮ ಯಜಮಾನ್ರ ಕಾರಿಂದೇ. ನಾನು ದಿನಾ ಒರೆಸ್ತಿದ್ದೆ."

ಒಳಗೆ ಏನೋ ತೊಳೆಯುತ್ತಿದ್ದ ಸದ್ದು ನಿಂತಿತು. ಸಣ್ಣಮ್ಮ ಬಾಗಿಲಿಗೆ ಬಂದಳು. ಮಗನನ್ನು ನೋಡಲಿಲ್ಲ, ನೇರವಾಗಿ ಹಿರಿಯಣ್ಣನ ಮುಖ ನೋಡಿದಳು.

"ಅವನ ಗಂಟ್ಲು ಕಟ್ಟಿದೆ. ಠಾಣೇಲಿ ಒಂದು ಲೋಟ ಬಿಸಿನೀರು ಕೊಡ್ಲಿಲ್ವೇನಪ್ಪ?"

ಹಿರಿಯಣ್ಣ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

"ಚಿಕ್ಕೋನ್ನ ಕರ್ಕೊಂಡು ಹೋಗ್ತೀರಿ. ತಪ್ಪು ಮಾಡವ್ನೆ, ಕರ್ಕೊಂಡು ಹೋಗಿ. ಇವನ ಮೇಲೂ ಕೇಸಿದ್ಯಾ?"

"ಇಲ್ಲಮ್ಮ."

"ಹಂಗಾದ್ರೆ ಇವನ್ನ ಇಲ್ಲೇ ಬಿಟ್ಟು ಹೋಗಿ."

ಹಾಗೆಂದು ನೀರು ಕಾಯಿಸಲು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ಸಿದ್ದಯ್ಯ ಬೇಲಿಯನ್ನು ಹಿಡಿದುಕೊಂಡೇ ಅತ್ತುಬಿಟ್ಟ.

ಸಂಜೆ 6-10ಕ್ಕೆ ಓಬಯ್ಯನ ದಸ್ತಗಿರಿಯಾಯಿತೆಂದು ಕೇಸ್ ಡೈರಿಯಲ್ಲಿ ನಮೂದಾಗಿದೆ. ಅವನು ಕೊಟ್ಟ ಹೇಳಿಕೆ ಚಿಕ್ಕದು. ಅಣ್ಣ ಮನೆಗೆ ಬರಬಾರದೆಂದು ಅಮ್ಮ ಹೇಳಿದ್ದಳು, ಅವನ ಹಾಡು ಬರಬಾರದೆಂದು ಹೇಳಿರಲಿಲ್ಲ. ಅದಕ್ಕೇ ರೇಡಿಯೋ ತಂದೆ ಎಂದ. ಮಾರುವ ಉದ್ದೇಶ ಕಂಡುಬರುವುದಿಲ್ಲ ಎಂದು ಹಿರಿಯಣ್ಣ ಕೆಳಗೆ ಸೇರಿಸಿದ.

ಜೀಪು ಹೊರಟ ಮೇಲೆ ಓಬಯ್ಯ ತಿರುತಿರುಗಿ ಹಿಂದೆ ನೋಡುತ್ತಿದ್ದ. ಕೊನೆಗೆ, ಅಣ್ಣ ಯಾಕೆ ಜೀಪು ಹತ್ತಲಿಲ್ಲ, ನಡೆದುಕೊಂಡು ಬರುತ್ತಾನಾ ಎಂದು ಚೌಡಯ್ಯನನ್ನು ಕೇಳಿದ.

"ಇಲ್ಲ ಕಣೋ. ಮನೇಲಿದ್ದಾನೆ" ಎಂದ ಚೌಡಯ್ಯ.