ನೀ... ಅಂದರೆ ನೀರಲ್ಲ

"ನೀವು ಪಾಠ ಮಾಡಲಿಲ್ಲ. ಅಷ್ಟು ಮಕ್ಕಳ ಮುಂದೆ ನಿಂತು ಒಬ್ಬರೇ ಮಾತಾಡಿಕೊಂಡ್ರಿ."

ಅವಳ ಮೈಯೆಲ್ಲ ಉರಿದುಹೋಯಿತು!

ಶಿಕ್ಷಕರ ತರಬೇತಿಯಲ್ಲಿ ಒಬ್ಬರ ಪಾಠವನ್ನು ಇನ್ನೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಆಮೇಲೆ ಎಲ್ಲರೆದುರು ಅಭಿಪ್ರಾಯ ಹೇಳಬೇಕು. ಇವತ್ತು ಅವಳ ಪಾಲಿಗೆ ಬಂದವನು ಬೇರೆ ವಿಭಾಗದವನು. ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವಂತೆ ಇರುತ್ತಿದ್ದುದರಿಂದ ಎಲ್ಲರೂ ಅವನನ್ನು 'ಮೌನಿ' ಎನ್ನುತ್ತಿದ್ದರು. ಅವಳಿಗಿದ್ದ ಹೆಸರು 'ರೇಡಿಯೋ'. ಯಾಕೆ ಅಂತ ಬೇರೆ ಹೇಳಬೇಕೇ!

"ಪ್ರಶ್ನೆ ಕೇಳ್ತೀರ, ಉತ್ತರಾನೂ ನೀವೇ ಹೇಳ್ತೀರ. ಒದ್ದೆ ಬಟ್ಟೆ ಒಣಗಿದಾಗ ನೀರು ಎಲ್ಲಿಗೆ ಹೋಯ್ತು ಅಂದ್ರಲ್ಲ, ಕಿಟಕಿ ಪಕ್ಕದ ಹುಡುಗಿ ಬಾಯಿ ತೆರೆದಿದ್ಲು. ನೀವು ಕಾಯಲೇ ಇಲ್ಲ."

ತರಬೇತಿ ಕೊಡುವ ಮೇಡಂ ತಲೆಯಾಡಿಸಿದರು. "ಹೌದಮ್ಮ. ತಿಂಗಳ ಕೊನೆಗೆ ಇದೇ ಪಾಠ ಮತ್ತೆ ಮಾಡು. ಇವನೇ ನೋಡ್ಲಿ."

ಹೊರಗೆ ಮೆಟ್ಟಿಲ ಬಳಿ ಅವಳು ಅವನನ್ನು ಅಡ್ಡಗಟ್ಟಿದಳು.

"ಹೊಟ್ಟೆಕಿಚ್ಚಾ ನಿಮಗೆ? ನೆಟ್ಟಗೆ ನಾಲ್ಕು ಮಾತಾಡೋಕೆ ಬರದವರು ನನಗೆ ಹೇಳೋಕೆ ಬರ್ತೀರಾ!"

ಅವನ ಮುಖ ಬಿಳಿಚಿಕೊಂಡಿತು.

"ಚಿಕ್ಕವನಿದ್ದಾಗ ನನಗೆ ಉಗ್ಗು. ಒಂದು ಮಾತಿಗೂ ತುಂಬಾ ಹೊತ್ತು ಬೇಕಿತ್ತು. ಪಾಪ ಅಂತ ಎಲ್ಲರೂ ನನ್ನ ಮಾತನ್ನ ಅವರೇ ಮುಗಿಸಿಬಿಡೋರು. ಕೊನೆಗೆ... ಮಾತಾಡೋದನ್ನೇ ಬಿಟ್ಟೆ."

ಅಷ್ಟು ಹೇಳಿ ಅವನು ಇಳಿದು ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಅಲ್ಲೇ ನಿಂತಿದ್ದಳು.

ಮನೆಯಲ್ಲಿ ಅಪ್ಪ ಹಾಸಿಗೆ ಹಿಡಿದು ಆರು ತಿಂಗಳಾಗಿತ್ತು. ಪಾರ್ಶ್ವವಾಯು ಅವರ ಬಲಗೈಯನ್ನೂ ಮಾತನ್ನೂ ಕಸಿದುಕೊಂಡಿತ್ತು. ಇನ್ನೊಂದು ಸಲ ಹೊಡೆದರೆ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರ್. ಆ ಮನೆಯ ಮೌನಕ್ಕೆ ಹೆದರಿ ಹೆದರಿಯೇ ಅವಳು ರೇಡಿಯೋ ಆಗಿದ್ದು. ಅದು ಯಾರಿಗೂ ಗೊತ್ತಿರಲಿಲ್ಲ.

ಅವಳು ಒಳಗೆ ಬರುತ್ತಿದ್ದ ಹಾಗೇ ಅಪ್ಪನ ತುಟಿ ಸೊಟ್ಟಗೆ ಅಲುಗಿತು. "ನೀ... ನೀ..."

"ನೀರಾ ಅಪ್ಪಾ? ತರ್ತೀನಿ, ತಾಳು!"

ದಿನವೂ ಇದೇ. ಅಪ್ಪ ಎರಡು ಗುಟುಕು ಕುಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಇವತ್ತೂ ಅವಳ ಕೈ ಲೋಟಕ್ಕೆ ಹೋಯಿತು.

'ನೀವು ಕಾಯಲೇ ಇಲ್ಲ...'

ಲೋಟ ಅಲ್ಲೇ ಇಟ್ಟು, ಬಾಯಿಗೆ ಬೀಗ ಹಾಕಿಕೊಂಡು, ಮಂಚದ ಅಂಚಿನಲ್ಲಿ ಕೂತಳು.

"ನೀ... ಊ..." ಅಪ್ಪನ ಕತ್ತಿನ ನರ ಉಬ್ಬಿತು. ಅವಳಿಗೆ ತಡೆಯಲಾಗುತ್ತಿಲ್ಲ... ನಾಲಿಗೆ ಕಚ್ಚಿ ಹಿಡಿದಳು. "ಊ... ಟ... ಮಾಡ್ದ್ಯಾ?"

ನೀ ಊಟ ಮಾಡಿದ್ಯಾ!

ಆರು ತಿಂಗಳಿಂದ ಅಪ್ಪ ಕೇಳುತ್ತಿದ್ದುದು ಇಷ್ಟೇ! ಅವಳು ಪ್ರತಿ ಸಂಜೆ ನೀರು ಕುಡಿಸಿ ಅವರ ಬಾಯಿ ಮುಚ್ಚಿಸಿದ್ದಳು!

"ಇಲ್ಲ ಅಪ್ಪಾ... ಇಲ್ಲೇ ಮಾಡ್ತೀನಿ. ನಿನ್ನ ಪಕ್ಕದಲ್ಲೇ ಕೂತು ಮಾಡ್ತೀನಿ."

ಅವಳು ತಟ್ಟೆ ತಂದು ಅಲ್ಲೇ ಕೂತು ಉಂಡಳು. ಅಪ್ಪ ಕೊನೆಯ ತುತ್ತಿನ ತನಕ ನೋಡಿದರು. ಬಾಗಿಲಲ್ಲಿ ನಿಂತಿದ್ದ ಅಮ್ಮ ಗೋಡೆಗೆ ಮುಖ ತಿರುಗಿಸಿ ಅತ್ತರು.

ಪವಾಡವೇನೂ ನಡೆಯಲಿಲ್ಲ. ಆ ವಾರವೇ ಎರಡನೇ ಹೊಡೆತ ಬಂತು. ಅಪ್ಪ ಹೋದರು.

ಅವತ್ತು ಮೌನಿಯೂ ಮನೆಗೆ ಬಂದ. ಬಂದವರಿಗೆಲ್ಲ ಕುರ್ಚಿ ಹಾಕಿದ. "ಅಳಬೇಡ, ಗಟ್ಟಿ ಮನಸ್ಸು ಮಾಡ್ಕೋ" ಎಂದು ಎಲ್ಲರೂ ಹೇಳಿ ಎದ್ದುಹೋದರು. ಅವನೊಬ್ಬ ಮಾತ್ರ, ಅವಳು ಅತ್ತಷ್ಟು ಹೊತ್ತೂ ಎದುರಿಗೆ ಸುಮ್ಮನೆ ಕೂತಿದ್ದ.

'ಎಲ್ಲ ಮೌನಕ್ಕೂ ಹೆದರ್ತೀನಿ... ಇವನದಕ್ಕೆ ಯಾಕೆ ಹೆದರಿಕೆ ಆಗ್ತಿಲ್ಲ?' ಉತ್ತರ ಅವಳಿಗೆ ಆಗಲೇ ಗೊತ್ತಿತ್ತು: ಇವನದು ಕಾಯುವ ಮೌನ.

ತಿಂಗಳ ಕೊನೆ. ಅದೇ ತರಗತಿ, ಅದೇ ಪಾಠ. ಹಿಂದಿನ ಬೆಂಚಿನಲ್ಲಿ ಅವನು.

"ನೀರು ಎಲ್ಲಿಗೆ ಹೋಯ್ತು?"

ಕೇಳಿ ಸುಮ್ಮನಾದಳು. ಕಿಟಕಿ ಪಕ್ಕದ ಹುಡುಗಿ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಅವಳು ಕಾದಳು.

"ಎಲ್ಲೂ ಹೋಗಿಲ್ಲ ಮಿಸ್... ಗಾಳೀಲೇ ಇದೆ. ನಮಗೆ ಕಾಣಲ್ಲ, ಅಷ್ಟೇ."

ಅವಳು ಬೋರ್ಡಿನ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಗಂಟೆ ಹೊಡೆಯಿತು, ಮಕ್ಕಳು ಹೊರಗೆ ಓಡಿದರು. ಅವನು ಎದ್ದು ಬಂದು ಮುಂದೆ ನಿಂತ.

"ಅವತ್ತು ನಾನು ಅಂದಿದ್ದು ತಪ್ಪು. ಕ್ಷಮಿಸ್ತೀರಾ?" ಅಂದಳು.

ಅವನು ತಲೆಯಾಡಿಸಿದ. ಏನೋ ಹೇಳಲು ಹೋದ. ಹಳೆಯ ಉಗ್ಗು ಗಂಟಲಿಗೆ ಅಡ್ಡ ಬಂತು.

"ನೀ... ನೀ..."

'ನೀವಂದ್ರೆ ಇಷ್ಟ ಅಂತಾನಾ? ನೀವು ಪಾಸು ಅಂತಾನಾ?' ಎರಡೂ ಅವಳ ನಾಲಿಗೆಯ ತುದಿಗೇ ಬಂದಿದ್ದವು! ನುಂಗಿಕೊಂಡಳು. ಕಾದಳು.

"ನೀನು... ಊಟ ಮಾಡಿದ್ಯಾ?"

'ನೀವು' ಹೋಗಿ 'ನೀನು' ಬಂದಿತ್ತು. ಅದನ್ನು ಗಮನಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಮೇಜು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವನು ಎಂದಿನಂತೆ ಕಾದ.

"ಇಲ್ಲ... ಅಪ್ಪ ಹೋದ ಮೇಲೆ ಅಮ್ಮಾನೂ ಮಂಕಾಗಿಬಿಟ್ಟಿದ್ದಾರೆ, ಮನೇಲಿ ಅದನ್ನ ಕೇಳೋರೇ ಇಲ್ಲ. ನೀನು ದಿನಾ ಕೇಳ್ತೀಯಾ?"

ಈ ಸಲ ಮೌನಿಗೆ ಹೊತ್ತು ಬೇಕಾಗಲಿಲ್ಲ.

"ಬದುಕಿರೋ ತನಕ."