ಅಪೀಲ್ ಮಾಡದ ಬೌಲರ್

ನಾಲ್ಕು ಹಾಳೆ ಓದಿ ಮುಗಿಸುವಷ್ಟರಲ್ಲಿ ಡಾಕ್ಟರ್ ಕಾತ್ಯಾಯಿನಿಗೆ ಮೈಯೆಲ್ಲ ಉರಿದುಹೋಯಿತು.

ಐರ್ಲೆಂಡಿನ ಕಾರ್ಕ್‌ ನಗರದ ಆ ಪುಟ್ಟ ಕ್ರಿಕೆಟ್ ಕ್ಲಬ್ಬಿನ ಸ್ಮರಣ ಸಂಚಿಕೆಗೆಂದು ಗುರುದತ್ ಬರೆದ ಲೇಖನ ಅದು. ವಿಕ್ಟೋರಿಯಾ ರಾಣಿಯ ಕಾಲದ ಎಡ್ಮಂಡ್ ಹ್ಯಾಲರನ್ ಎಂಬ ಯೂನಿವರ್ಸಿಟಿ ಬೌಲರ್‌ನ ಬದುಕು. ಕಾಸಿಗಾಗಿ ಆಡಿದವನಲ್ಲ, ದೊಡ್ಡ ಮನೆತನದ ಮರ್ಯಾದಸ್ಥ. ಬೌಲಿಂಗ್ ಕಡೆಯವರು ಅಪೀಲ್ ಮಾಡಿ ಕೇಳದೆ ಅಂಪೈರ್ ಔಟ್ ಕೊಡುವಂತಿಲ್ಲ. ಆದರೂ ಈ ಪುಣ್ಯಾತ್ಮ ನಾಲ್ಕು ವರ್ಷದಲ್ಲಿ ಒಮ್ಮೆಯೂ ಅಪೀಲ್ ಮಾಡಲಿಲ್ಲವಂತೆ. ಮೆಚ್ಚಿದ ಹುಡುಗಿಯನ್ನೂ ಕೇಳಲಿಲ್ಲವಂತೆ. ಅವಳು ಕಾದು ಕಾದು ಬೇರೊಬ್ಬನನ್ನು ಮದುವೆಯಾದಾಗ ಬೆಳ್ಳಿ ಚಮಚ ಉಡುಗೊರೆ ಕೊಟ್ಟು ಬಂದನಂತೆ. ‘ಎಂಥ ಘನತೆ’ ಎಂದು ಗುರುದತ್ ಕೊನೆಯಲ್ಲಿ ಷರಾ ಬೇರೆ ಬರೆದಿದ್ದ.

ಘನತೆಯಂತೆ, ಘನತೆ!

ಜುಲೈ ಬಂತೆಂದರೆ ಜೂನಿಯರ್ ಡಾಕ್ಟರುಗಳು ಆಸ್ಪತ್ರೆ ಬದಲಿಸುವ ಕಾಲ. ಅವಳಿಗೆ ದೂರದ ಸ್ಲೈಗೋ ಊರಿನ ಆಸ್ಪತ್ರೆಯಿಂದ ಆಫರ್ ಲೆಟರ್ ಬಂದಿತ್ತು. ಬೇಕೆಂದರೆ ಕಾರ್ಕ್‌ನಲ್ಲೇ ಇನ್ನೊಂದು ವರ್ಷ ಉಳಿಯಬಹುದಿತ್ತು. ನಾಳೆ ಬೆಳಿಗ್ಗೆ ಯಾವುದೆಂದು ತಿಳಿಸಬೇಕು. ಇದನ್ನು ಗುರುದತ್‌ಗೆ ಮೂರು ಸಲ ಹೇಳಿದ್ದಳು. ಲಿಟಲ್ ಐಲ್ಯಾಂಡಿನ ಸಾಫ್ಟ್‌ವೇರ್ ಇಂಜಿನಿಯರ್ ಸಾಹೇಬರು ಮೂರು ಸಲವೂ ಕಣ್ಣು ತಗ್ಗಿಸಿ, ನಿನ್ನ ಕರಿಯರ್ ಮುಖ್ಯ, ಎಲ್ಲಿದ್ದರೂ ಸರಿಯೇ, ‘ಗ್ರ್ಯಾಂಡ್’ ಎಂದು ಇಲ್ಲಿಯವರ ಹಾಗೆ ಹೇಳಿದ್ದರು.

ಈಗ ಪ್ಯಾಡ್ ಕಟ್ಟಿಕೊಂಡು, ತನ್ನ ಬ್ಯಾಟಿಂಗ್ ಸರದಿಗೆ ಕಾಯುತ್ತ, ಮೈದಾನದ ಅಂಚಿನಲ್ಲಿ ಸ್ಕೋರ್ ಬರೆಯುತ್ತ ಕೂತಿದ್ದ ಅವಳ ಬಳಿ, ಲೇಖನ ಹೇಗಿದೆಯೆಂದು ನಾಚಿಕೊಂಡೇ ಕೇಳಲು ಬಂದ. ಆ ನಾಚಿಕೆಯ ಕಣ್ಣಿಗೇ ಅಲ್ಲವೇ ತಾನು ಸೋತದ್ದು! ಅದೂ ಸೇರಿ ಅವಳ ಪಿತ್ತ ನೆತ್ತಿಗೇರಿತು.

“ಎರಡು ಸೀಸನ್ನು, ಭಾನುವಾರದ ನಿದ್ದೆ ಬಿಟ್ಟು ಈ ಸ್ಕೋರ್‌ಬುಕ್ಕಲ್ಲಿ ಚುಕ್ಕಿ ಇಟ್ಟಿದೀನಿ. ಕ್ರಿಕೆಟ್ ಮೇಲಿನ ಆಸೆಗೆ ಅಂದ್ಕೊಂಡ್ಯಾ? ನಿನ್ನ ಹ್ಯಾಲರನ್ ಜಂಟಲ್‌ಮನ್ ಅಲ್ಲ ಕಣೋ, ಹೇಡಿ. ನನ್ನ ಮದ್ವೆಗೂ ಚಮಚ ತರ್ತೀಯಾ?”

ಅಷ್ಟರಲ್ಲಿ ವಿಕೆಟ್ ಬಿತ್ತು. ಕ್ಯಾಪ್ಟನ್ ಕೂಗಿ ಕರೆದ. ಗುರುದತ್ ಬ್ಯಾಟ್ ಹಿಡಿದು ಹೊರಟೇಬಿಟ್ಟ. ಹೋಗಲಿ, ಹಾಳಾಗಿ ಹೋಗಲಿ ಎಂದು ಅವಳು ಪೆನ್ನು ಎತ್ತಿಕೊಂಡಳು. ಕಣ್ಣಲ್ಲಿ ನೀರು ತುಂಬಿ ಗೆರೆಗಳೇ ಕಾಣಲಿಲ್ಲ.

ಬೌಂಡರಿ ಗೆರೆಯವರೆಗೆ ಹೋದವನು ತಿರುಗಿ ಓಡಿಬಂದ, ಪ್ಯಾಡು ಪಟಪಟ ಬಡಿಯುತ್ತಿತ್ತು.

“ಕಾತ್ಯಾ, ಸ್ಲೈಗೋಗೆ ಹೋಗ್ಬೇಡ. ನನ್ನ ಮದ್ವೆ ಆಗ್ತೀಯಾ?”

ಮೈದಾನವೆಲ್ಲ ಅವನಿಗಾಗಿ ಕಾಯುತ್ತಿತ್ತು. ಅವಳ ಕೋಪ ಇನ್ನೂ ಇಳಿದಿರಲಿಲ್ಲ. ಮುಖ ಗಂಟಿಕ್ಕಿಕೊಂಡೇ ಅಂಪೈರ್ ಹಾಗೆ ತೋರುಬೆರಳು ಮೇಲೆತ್ತಿದಳು.

“ಔಟ್. ಈಗ ಹೋಗಿ ಆಡು.”

ಅವನು ಮೊದಲ ಬಾಲಿಗೇ ಬೌಲ್ಡ್ ಆದ. ಕಾತ್ಯಾಯಿನಿ ಅವನ ಹೆಸರಿನ ಮುಂದೆ ಸೊನ್ನೆ ಬರೆದು, ಬ್ಯಾಗಿನಿಂದ ಸ್ಲೈಗೋದ ಲೆಟರ್ ತೆಗೆದು ಹರಿದುಹಾಕಿದಳು.