ಕುಪ್ಪಸದೊಳಗಿನ ಒಂದು ಗಂಟು

ಬಹಳ ಹಿಂದೆ, ಏಳು ಕೆರೆಗಳ ಆಚೆ ನೂಲಾಪುರವೆಂಬ ರಾಜ್ಯವಿತ್ತು. ಅಲ್ಲಿ ಹುಡುಕಿದರೂ ಒಬ್ಬ ದರ್ಜಿ ಸಿಗುತ್ತಿರಲಿಲ್ಲ. ಹನ್ನೆರಡು ವರ್ಷ ತುಂಬಿದವರೆಲ್ಲ ತಮ್ಮ ಬಟ್ಟೆ ತಾವೇ ಹೊಲಿದು ತೊಡಬೇಕು ಎಂಬುದು ಅಲ್ಲಿಯ ಪದ್ಧತಿ. ರಾಜನಿಗೂ ಅದರಿಂದ ಬಿಡುಗಡೆ ಇರಲಿಲ್ಲ. ರಾಜ ವೀರಸಂಗಪ್ಪನ ಅಂಗಿಯ ಎಡತೋಳು ಬಲತೋಳಿಗಿಂತ ನಾಲ್ಕು ಬೆರಳು ಗಿಡ್ಡ. ಸಭೆಯಲ್ಲಿ ಯಾರೂ ನಗುತ್ತಿರಲಿಲ್ಲ, ಏಕೆಂದರೆ ಮಂತ್ರಿಯ ಅಂಗಿಗೆ ಕುತ್ತಿಗೆಯೇ ಒಂದು ಪಕ್ಕಕ್ಕಿತ್ತು.

ಹೊಲಿಗೆ ಸೊಟ್ಟಗಿದ್ದರೂ ನಡೆಯುತ್ತಿತ್ತು, ಕಸೂತಿಗೆ ಮಾತ್ರ ಒಂದು ಕಟ್ಟುನಿಟ್ಟು. ದಾರಕ್ಕೆ ಗಂಟು ಹಾಕುವಂತಿಲ್ಲ. ಸೂಜಿ ನಡುನಡುವೆ ಜಾಗ ಬಿಡುತ್ತ ಮುಂದೆ ಸಾಗಬೇಕು, ಕೊನೆ ಮುಟ್ಟಿದ ಮೇಲೆ ಬಿಟ್ಟ ಜಾಗಗಳನ್ನು ತುಂಬುತ್ತ ಹೋದ ದಾರಿಯಲ್ಲೇ ಮರಳಿ ಬರಬೇಕು. ಹಾಗೆ ಮಾಡಿದರೆ ಬಟ್ಟೆಯ ಒಳಗೂ ಹೊರಗೂ ಒಂದೇ ಚಿತ್ರ ಕಾಣುತ್ತದೆ.

ಈ ಕೆಲಸದಲ್ಲಿ ಸಾವಂತ್ರಿಯನ್ನು ಮೀರಿಸುವವರಿರಲಿಲ್ಲ. ಇಪ್ಪತ್ತು ವರ್ಷದ ಹುಡುಗಿ. ಅವಳ ಮರದ ಪೆಟ್ಟಿಗೆ ತೆರೆದರೆ ತುಳಸಿಕಟ್ಟೆಯ ಕುಪ್ಪಸ, ನವಿಲಿನ ಸೀರೆ, ಆನೆಸಾಲಿನ ಸೆರಗು, ಎಲ್ಲವೂ ಅವಳ ಕೈಯದೇ. ಬೆಳಿಗ್ಗೆ ಒಂದನ್ನು ಆರಿಸಿ ಉಟ್ಟು ಓಣಿಯಲ್ಲಿ ನಡೆದರೆ ಅವಳಿಗೆ ಮೈಯೆಲ್ಲ ಹಗುರ. ತುಸು ಜಂಬವೂ ಇತ್ತು, ಇರಲಿ ಬಿಡಿ. ಅಷ್ಟು ಚೆಂದ ಹೊಲಿಯುವವರಿಗೆ ಅಷ್ಟಾದರೂ ಬೇಡವೇ?

ಅವಳಿಗೆ ತಂದೆತಾಯಿ ಇರಲಿಲ್ಲ. ಇದ್ದವಳೊಬ್ಬಳೇ ತಂಗಿ, ಹನ್ನೊಂದು ವರ್ಷದ ರಾಚವ್ವ. ಅವಳ ಬಟ್ಟೆಯನ್ನೂ ಅಕ್ಕನೇ ಹೊಲಿಯುತ್ತಿದ್ದಳು.

ಆ ವರ್ಷ ಪಂಚಮಿ ಹಬ್ಬದ ಬೆಳಿಗ್ಗೆ ರಾಚವ್ವನ ಹೊಸ ಕುಪ್ಪಸ ಇನ್ನೂ ಮುಗಿದಿರಲಿಲ್ಲ. ಹೊರಗೆ ಬೇವಿನ ಮರದಲ್ಲಿ ಜೋಕಾಲಿ ಕಟ್ಟಿದ್ದರು, ಗೆಳತಿಯರು ಕೂಗುತ್ತಿದ್ದರು. ಮರಳಿ ಬರುವಷ್ಟು ದಾರ ಉಳಿದಿರಲಿಲ್ಲ. ಬಿಚ್ಚಿ ಮತ್ತೆ ಮಾಡಲು ಸಾವಂತ್ರಿಗೆ ಬೇಸರ. ಯಾರು ನೋಡುತ್ತಾರೆ ಎಂದುಕೊಂಡು ಒಂದು ಗಂಟು ಹಾಕಿ, ಅದನ್ನು ಕುತ್ತಿಗೆಪಟ್ಟಿಯ ಮಡಿಕೆಯೊಳಗೆ ಮುಚ್ಚಿಬಿಟ್ಟಳು.

"ಅಕ್ಕಾ, ಕುತ್ತಿಗಿ ಹಂತ್ಯಾಕ ಏನೋ ಚುಚ್ಚತೈತಿ," ಎಂದಳು ರಾಚವ್ವ.

"ಏನೂ ಇಲ್ಲ. ಸುಮ್ನ ಹಾಕ್ಕೋ."

ಮರುದಿನವೂ ರಾಚವ್ವ ಅದನ್ನೇ ಹೇಳಿದಳು, ಸಾವಂತ್ರಿಯೂ ಅದನ್ನೇ ಹೇಳಿದಳು. ಮೂರನೆಯ ದಿನ ಅವಳಿಗೆ ಸಿಟ್ಟೇ ಬಂತು. "ನಾ ಹೊಲಿದದ್ದು ಚುಚ್ಚತೈತಂತ! ಇಡೀ ಊರಾಗ ಕೇಳಿ ಬಾ, ನನ್ನ ಕಸೂತ್ಯಾಗ ಗಂಟ ಇರೂದಿಲ್ಲ!"

ಅದೇ ದಿನ ಊರಿಗೆ ಒಂದು ಬಂಡಿ ಬಂತು. ಬಂಡಿಯ ತುಂಬ ಮಿರಮಿರ ಮಿಂಚುವ ನಿಲುವಂಗಿಗಳು. ಬಂಡಿಯ ಮೇಲೆ ಕುಳಿತಿದ್ದವನು ಕಗ್ಗಂಟಯ್ಯನೆಂಬ ಮಾಂತ್ರಿಕ. "ಹೊಲಿಯುವ ಕಷ್ಟ ಯಾಕೆ? ಪುಕ್ಕಟೆ ಕೊಡುತ್ತೇನೆ, ತೊಟ್ಟುಕೊಳ್ಳಿ," ಎಂದ. ಪುಕ್ಕಟೆ ಎಂದರೆ ಯಾರು ಬಿಟ್ಟಾರು? ರಾಜನೇ ಮೊದಲು ಕೈಚಾಚಿದ, ಊರಿನವರೆಲ್ಲ ಮೈಮೇಲಿನ ಬಟ್ಟೆ ಕಳಚಿ ಅವನ್ನು ತೊಟ್ಟರು. ಅಕ್ಕ ನೀರಿಗೆ ಹೋಗಿದ್ದಾಗ ರಾಚವ್ವನೂ ಚುಚ್ಚುವ ಕುಪ್ಪಸ ತೆಗೆದೆಸೆದು ನಿಲುವಂಗಿ ತೊಟ್ಟಳು.

ಸಾವಂತ್ರಿ ಕೊಡ ಹೊತ್ತು ಬರುವಷ್ಟರಲ್ಲಿ ಊರಿಗೆ ಊರೇ ಸಾಲಾಗಿ ಮಾಂತ್ರಿಕನ ಕೋಟೆಯ ಕಡೆ ನಡೆದಿತ್ತು. ಅವಳು ಓಡಿಹೋಗಿ ತಂಗಿಯ ಕೈ ಹಿಡಿದಳು.

"ನೀವು ಯಾರು?" ಎಂದಳು ರಾಚವ್ವ, ಕೈ ಬಿಡಿಸಿಕೊಂಡು.

ಸಾವಂತ್ರಿ ಅವಳನ್ನು ಅಡ್ಡಗಟ್ಟಿದಳು. ಅಂಗಿ ಎಳೆದಳು, ಅದು ಮೈ ಬಿಡಲಿಲ್ಲ. ಕತ್ತರಿ ಹಾಕಿದಳು, ಕತ್ತರಿಯೇ ಮುರಿಯಿತು. ರಾಚವ್ವ ತಿರುಗಿಯೂ ನೋಡದೆ ಸಾಲಿನಲ್ಲಿ ಹೋದಳು.

ಸಾವಂತ್ರಿ ಮನೆಗೆ ಬಂದು ಅತ್ತಳು. ಆಮೇಲೆ ಮುಖ ತೊಳೆದು, ತುಳಸಿಕಟ್ಟೆಯ ಕುಪ್ಪಸ ತೊಟ್ಟು, ನವಿಲಿನ ಸೀರೆ ಉಟ್ಟಳು. ಸೆರಗಿಗೆ ಸೂಜಿ ಚುಚ್ಚಿಕೊಂಡು, ತಂಗಿ ಎಸೆದ ಕುಪ್ಪಸವನ್ನೂ ಒಂದು ಲಂಗವನ್ನೂ ಚೀಲಕ್ಕೆ ಹಾಕಿ ಹೊರಟಳು.

ದಾರಿಯಲ್ಲಿ ಮುಳ್ಳಿನ ಕಾಡು ಸಿಕ್ಕಿತು. ಅಲ್ಲಿಯ ಮುಳ್ಳುಗಳಿಗೆ ಬಾಯಿಯೂ ಇತ್ತು, ಕೈಯೂ ಇತ್ತು. ಸುತ್ತಲಿಂದ ಅವಳ ಕುಪ್ಪಸಕ್ಕೆ ಕೈ ಹಾಕಿ, "ಗಂಟು ಎಲ್ಲಿದೆ? ಗಂಟು ಎಲ್ಲಿದೆ?" ಎಂದು ತಡಕಾಡಿದವು. ತೊಟ್ಟ ಬಟ್ಟೆಯಲ್ಲಿ ಗಂಟು ಸಿಕ್ಕರೆ ಅಲ್ಲೇ ಸಿಗಿಸಿ ನಿಲ್ಲಿಸುವುದು ಅವುಗಳ ಕೆಲಸ, ಚೀಲದ ಗೊಡವೆ ಅವಕ್ಕಿರಲಿಲ್ಲ.

"ಇಲ್ಲ," ಎಂದಳು ಸಾವಂತ್ರಿ. ಮುಳ್ಳುಗಳಿಗೆ ಹಿಡಿತ ಸಿಗಲಿಲ್ಲ. ಅವಳು ಜಾರಿಕೊಂಡು ಮುಂದೆ ಹೋದಳು.

ಆಮೇಲೆ ಒಂದು ಕಣಿವೆ. ಅಲ್ಲಿ ಎರಡು ಮುಖದ ಹುಲಿ ಮಲಗಿತ್ತು. ಒಂದು ಮುಖ ಬಟ್ಟೆಯ ಹೊರಮೈ ನೋಡುತ್ತಿತ್ತು, ಇನ್ನೊಂದು ಒಳಮೈ. ಎರಡಕ್ಕೂ ಕಂಡದ್ದು ಬೇರೆ ಬೇರೆಯಾದರೆ ತೊಟ್ಟವರನ್ನು ತಿಂದುಬಿಡುತ್ತಿತ್ತು.

"ಗಂಟು ಎಲ್ಲಿದೆ?" ಎಂದು ಎರಡೂ ಮುಖ ಗರ್ಜಿಸಿದವು.

"ಇಲ್ಲ," ಎಂದು ಸಾವಂತ್ರಿ ಸೆರಗು ಮಗುಚಿ ತೋರಿಸಿದಳು.

"ನನಗೆ ಎಂಟು ನವಿಲು ಕಂಡವು," ಎಂದಿತು ಒಂದು ಮುಖ. "ನನಗೂ ಎಂಟೇ," ಎಂದಿತು ಇನ್ನೊಂದು, ಸ್ವಲ್ಪ ನಿರಾಸೆಯಿಂದ. ಹುಲಿ ಆಕಳಿಸಿ ದಾರಿ ಬಿಟ್ಟಿತು.

ಕೋಟೆಯ ಅಂಗಳದಲ್ಲಿ ಊರಿನವರೆಲ್ಲ ಕುಳಿತು ದಾರ ಸುತ್ತುತ್ತಿದ್ದರು. ರಾಜ ಸುತ್ತುತ್ತಿದ್ದ, ಮಂತ್ರಿ ಸುತ್ತುತ್ತಿದ್ದ, ರಾಚವ್ವ ಸುತ್ತುತ್ತಿದ್ದಳು. ಕಗ್ಗಂಟಯ್ಯ ಸಾವಂತ್ರಿಯನ್ನು ಮೇಲಿಂದ ಕೆಳಗೆ ನೋಡಿ ನಕ್ಕ.

"ಬಾ ತಾಯಿ. ಈ ಎಲ್ಲ ನಿಲುವಂಗಿಗೂ ಒಂದೇ ದಾರ, ಎಲ್ಲಿಯೂ ತುಂಡಾಗಿಲ್ಲ. ನನ್ನ ಕಸುಬೂ ಕಡಿಮೆಯೇನಲ್ಲ! ಆದರೆ ನನ್ನ ಗಂಟು ಬರಿ ಮೈಮೇಲೆ ಕೂರುವುದಿಲ್ಲ. ಅವಸರದಲ್ಲಿ ಹಾಕಿ ಮುಚ್ಚಿಟ್ಟ ಗಂಟು ಮನೆಯಲ್ಲೊಂದು ಇರಬೇಕು, ಅದರ ಮೇಲೆ ಕೂರುತ್ತದೆ. ಅಂಥದೊಂದು ಇಲ್ಲದ ಮನೆ ನಿಮ್ಮ ಊರಲ್ಲಿ ಸಿಗಲಿಲ್ಲ. ಹಾಕಿದವರೇ ಒಪ್ಪಿ ಬಿಚ್ಚಿದರೆ ಮಾತ್ರ..." ಎಂದವನು ನಾಲಿಗೆ ಕಚ್ಚಿಕೊಂಡ. ಬಡಾಯಿ ಕೊಚ್ಚುವವರ ಹಣೆಬರಹವೇ ಅಷ್ಟು.

ಬೇಗ ಮಾತು ತಿರುಗಿಸಿ ಕೇಳಿದ. "ಈಗ ಹೇಳು. ಗಂಟು ಎಲ್ಲಿದೆ? ಇಲ್ಲ ಎಂದರೆ ಬಾಗಿಲು ತೆರೆದಿದೆ, ಮನೆಗೆ ಹೋಗು. ಇದೆ ಎಂದರೆ ನೀನೂ ನನ್ನವಳು."

ಇಲ್ಲ ಎಂದು ಎರಡು ಸಲ ಹೇಳಿದ್ದಳು. ಮೂರನೆಯ ಸಲ ಹೇಳುವುದು ಎಷ್ಟು ಸುಲಭ! ಸಾವಂತ್ರಿ ತಂಗಿಯ ಕಡೆ ನೋಡಿದಳು. ರಾಚವ್ವನ ಕುತ್ತಿಗೆಯ ಹಿಂದೆ ಕೆಂಪಗೆ ತರಚಿದ ಗುರುತಿತ್ತು. ಮೂರು ದಿನ ಆ ಮಗು ಹೇಳಿದ್ದು ನಿಜವಾಗಿತ್ತು, ತಾನು ಹೇಳಿದ್ದು ಸುಳ್ಳಾಗಿತ್ತು. ಸಾವಂತ್ರಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಕರುಳು ಚುರ್ ಎಂದಿತು.

ಅವಳು ಚೀಲದಿಂದ ಕುಪ್ಪಸ ತೆಗೆದಳು. "ಇಲ್ಲೈತಿ. ನಾನ ಹಾಕಿದ್ದು. ನಾನ ಮುಚ್ಚಿಟ್ಟದ್ದು."

ಕೂಡಲೇ ಮಾಂತ್ರಿಕನ ದಾರ ನೆಲದಿಂದ ಎದ್ದು ಅವಳ ಪಾದ ಸುತ್ತಿತು. ಸಾವಂತ್ರಿ ಸೆರಗಿನ ಸೂಜಿ ಕಿತ್ತು ಮಡಿಕೆ ಬಿಡಿಸತೊಡಗಿದಳು. ದಾರ ಮೊಣಕಾಲಿಗೆ ಬಂತು, ಅವಳಿಗೆ ರಾಜ್ಯದ ಹೆಸರು ಮರೆಯಿತು. ಸೊಂಟಕ್ಕೆ ಬಂತು, ಮನೆಯ ದಾರಿ ಮರೆಯಿತು. ಎದೆಗೆ ಬಂತು, ತನ್ನ ಹೆಸರೂ ಮರೆಯಿತು. ಕೈಗೆ ಮಾತ್ರ ಕೆಲಸ ಮರೆಯಲಿಲ್ಲ. ಸೂಜಿಯ ಮೊನೆ ಗಂಟಿನ ನಡುವೆ ಹೊಕ್ಕು, ಒಮ್ಮೆ ಮೀಟಿ, ಎತ್ತಿತು. ಗಂಟು ಬಿಚ್ಚಿತು.

"ಅಕ್ಕಾ!" ಎಂದಳು ರಾಚವ್ವ.

ಆ ಒಂದು ಕೂಗಿಗೆ ಸಾವಂತ್ರಿಗೆ ಎಲ್ಲವೂ ಮರಳಿ ನೆನಪಾಯಿತು, ಮೈಗೆ ಸುತ್ತಿದ್ದ ದಾರ ಸಡಿಲಾಗಿ ಕೆಳಗೆ ಜಾರಿತು. ರಾಚವ್ವನ ನಿಲುವಂಗಿಯ ಗಂಟೂ ಬಿಚ್ಚಿಕೊಂಡು ತುದಿ ಇಳಿಬಿದ್ದಿತ್ತು. ಸಾವಂತ್ರಿ ಅದನ್ನು ಹಿಡಿದು ಎಳೆದಳು. ಒಂದೇ ದಾರ ತಾನೇ? ಸರಸರ ಬಿಚ್ಚುತ್ತ ಅದು ಹೋದ ದಾರಿಯಲ್ಲೇ ಮರಳಿ ಬಂತು. ಮಂತ್ರಿಯ ನಿಲುವಂಗಿ ಕಳಚಿ ಬಿತ್ತು, ರಾಜನದೂ ಬಿತ್ತು, ಊರಿನವರದೆಲ್ಲ ಬಿತ್ತು. ಕೊನೆಗೆ ಕಗ್ಗಂಟಯ್ಯನೇ ಗಿರಗಿರ ತಿರುಗುತ್ತ ಬಿಚ್ಚಿಕೊಂಡು ಹೋದ. ಅವನಿದ್ದ ಜಾಗದಲ್ಲಿ ಉಳಿದದ್ದು ಒಂದು ದಾರದ ಉಂಡೆ.

ಎಲ್ಲರಿಗೂ ಬುದ್ಧಿ ಬಂತು, ಜೊತೆಗೆ ಮೈಮೇಲೆ ಬಟ್ಟೆಯಿಲ್ಲ ಎಂಬುದೂ ಗೊತ್ತಾಯಿತು. ಕೋಟೆಯ ಪರದೆ, ಜಮಖಾನ, ಹಾಸಿಗೆಗಳಿಗೆ ಮುಗಿಬಿದ್ದರು. ರಾಜ ಬಾಗಿಲಪರದೆ ಸುತ್ತಿಕೊಂಡು ಗಂಭೀರವಾಗಿ ನಡೆದ. ಎರಡು ಮುಖದ ಹುಲಿ ಅವನನ್ನು ನೋಡಿ ಎರಡೂ ಬಾಯಿಂದ ನಕ್ಕಿತು. ರಾಚವ್ವ ಮಾತ್ರ ತನ್ನದೇ ಲಂಗ ಕುಪ್ಪಸ ತೊಟ್ಟು, ಅಕ್ಕನ ಕೈ ಹಿಡಿದು ಮನೆಗೆ ಬಂದಳು. ಕುಪ್ಪಸ ಚುಚ್ಚಲಿಲ್ಲ.

ಆ ಉಂಡೆಯ ದಾರದಿಂದಲೇ ಊರಿನವರೆಲ್ಲ ಹೊಸ ಬಟ್ಟೆ ಹೊಲಿದುಕೊಂಡರು. ಮುಚ್ಚಿಟ್ಟ ಹಳೆಯ ಗಂಟುಗಳನ್ನು ಹುಡುಕಿ ಬಿಚ್ಚಿದರು. ರಾಜನ ಎಡತೋಳು ಮತ್ತೆ ಗಿಡ್ಡವೇ ಆಯಿತು, ಆದರೆ ಈಗ ಸಭೆಯಲ್ಲಿ ಎಲ್ಲರೂ ನಗುತ್ತಿದ್ದರು, ರಾಜನೂ ನಗುತ್ತಿದ್ದ.

ಮುಂದಿನ ಪಂಚಮಿಗೆ ರಾಚವ್ವನಿಗೆ ಹನ್ನೆರಡು ತುಂಬಿತ್ತು. ಅವಳು ಮೊಟ್ಟಮೊದಲು ಹೊಲಿದದ್ದು ತನಗಲ್ಲ, ಅಕ್ಕನಿಗೆ ಒಂದು ಕುಪ್ಪಸ. ಅದರ ಮೇಲಿನ ಆನೆ ನೋಡಲು ಎಮ್ಮೆಯ ಹಾಗಿತ್ತು. ಸಾವಂತ್ರಿ ತೊಟ್ಟುಕೊಂಡಳು, ಹಿಗ್ಗಿದಳು, ಆಮೇಲೆ ಕುತ್ತಿಗೆ ಮುಟ್ಟಿಕೊಂಡಳು.

"ರಾಚಿ, ಇಲ್ಲೆ ಏನೋ ಚುಚ್ಚತೈತಿ."

"ಏನೂ ಇಲ್ಲ. ಸುಮ್ನ ಹಾಕ್ಕೋ," ಎಂದಳು ರಾಚವ್ವ, ಥೇಟ್ ಅಕ್ಕನ ದನಿಯಲ್ಲಿ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊರಗೆ ಜೋಕಾಲಿಯ ಗೆಳತಿಯರು ಕೂಗುತ್ತಲೇ ಇದ್ದರು.

"ತಡೀರೇ, ಬರ್ತೀವಿ," ಎಂದು ರಾಚವ್ವ ಕೂಗಿ ಹೇಳಿ, ಸೂಜಿ ತಂದು ಅಕ್ಕನ ಹಿಂದೆ ಕುಳಿತಳು. "ಅಲ್ಲಾಡಬ್ಯಾಡ ಅಕ್ಕಾ. ಸಿಕ್ತು."